ಜಗಳೂರಿನಿಂದ ಆನಗೋಡಿಗೆ

ಜಗಳೂರೆಂಬ ಹೆಸರನ್ನು ಕೇಳಿದೊಡನೆ ಹೊರಗಿನವರ ತುಟಿಯ ಮೇಲೆ ಒಂದು ಕಿರುನಗೆ ಸುಳಿಯುವುದುಂಟು. ಹೆಸರಿನಲ್ಲಿಯೇ ಜಗಳವನ್ನು ಕಟ್ಟಿಕೊಂಡ ಊರಿನ ಜನ ಎಂತಹವರೋ ಎಂಬ ಕುತೂಹಲ ಅವರದು. ಆದರೆ ಬಸ್ಸಿಳಿದು ಒಂದು ಹಗಲನ್ನು ಇಲ್ಲಿ ಕಳೆದವರಿಗೆ ನಿಜಸ್ಥಿತಿ ತಿಳಿಯದೆ ಹೋಗದು. ಈ ಊರಿನವರ ಜಗಳವೇನಿದ್ದರೂ ಮಳೆರಾಯನೊಡನೆ. ಮನುಷ್ಯರೊಡನೆ ಅವರದು ಬಹು ಸೌಮ್ಯವಾದ ವ್ಯವಹಾರ.

ಪಡುವಣ ಕಡಲಿನಿಂದ ಹೊರಟ ಮುಂಗಾರಿನ ಮೋಡಗಳು ಆಗುಂಬೆಯಲ್ಲಿ ತಮ್ಮ ಸಿರಿಯನ್ನೆಲ್ಲ ಸುರಿದು, ಶಿವಮೊಗ್ಗ ಹೊನ್ನಾಳಿಗಳನ್ನು ದಾಟಿ, ಜಗಳೂರಿನ ಆಕಾಶಕ್ಕೆ ಬರುವ ಹೊತ್ತಿಗೆ ಬರಿಗೈಯಾಗಿರುತ್ತವೆ. ಅವು ನೆರಳು ಕೊಡುತ್ತವೆ, ನೀರು ಕೊಡುವುದಿಲ್ಲ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು, ಆ ವರ್ಷ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದರ ಮಡಿಲಿಗೆ ಬಂದ ಈ ತಾಲ್ಲೂಕು ಜಿಲ್ಲೆಯನ್ನು ಬದಲಾಯಿಸಿತೇ ಹೊರತು ಮುಗಿಲನ್ನು ಬದಲಾಯಿಸಲಾಗಲಿಲ್ಲ. ಶೇಂಗಾ, ಹತ್ತಿ, ಮೆಕ್ಕೆಜೋಳ, ಈರುಳ್ಳಿ ಇಲ್ಲಿಯ ಬೆಳೆಗಳು. ಕೆಂಪು ನೆಲ, ಕಪ್ಪು ನೆಲ ಅಕ್ಕಪಕ್ಕದಲ್ಲಿಯೇ ಮಲಗಿವೆ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳು ಉಳಿದುಕೊಂಡಿವೆ. ಅವುಗಳಿಗಾಗಿಯೇ 2011ರಲ್ಲಿ ಆ ಕಾಡನ್ನು ವನ್ಯಧಾಮವೆಂದು ಘೋಷಿಸಲಾಯಿತು. ಅಲ್ಪ ನೀರಿನಲ್ಲಿ, ಒಣಹುಲ್ಲಿನ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಬದುಕುವ ಕಲೆ ಅವಕ್ಕೆ ಕರಗತ. ಈ ಸೀಮೆಯ ರೈತನಿಗೂ ಆ ಪ್ರಾಣಿಗೂ ಏನೋ ಒಂದು ಹೋಲಿಕೆಯಿದೆ ಎಂದರೆ ಅದು ಗೇಲಿಯ ಮಾತಲ್ಲ. ಇತ್ತೀಚಿನ ವರ್ಷಗಳಲ್ಲಿ ತುಂಗಭದ್ರೆಯ ನೀರನ್ನು ಕೊಳವೆಗಳಲ್ಲಿ ತಂದು ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆ ನಡೆದಿದೆ. ಆದರೆ ಅದಕ್ಕೆ ಮುಂಚಿನ ಎರಡು ಮೂರು ದಶಕಗಳು ಬಹು ಕಠಿಣವಾಗಿದ್ದುವು. ಕೊಳವೆಬಾವಿ ಕೊರೆಸಿ, ನೀರು ಕಾಣದೆ, ಸಾಲವನ್ನು ಮಾತ್ರ ಕಂಡ ಮನೆಗಳು ಎಷ್ಟೋ. ಅಂತಹ ಮನೆಗಳ ಹುಡುಗರಲ್ಲಿ ಕೆಲವರು ಬೆಂಗಳೂರಿನ ಬಸ್ಸು ಹತ್ತಿದರು. ಕೆಲವರು ಹೊಲದ ಬದುವಿನಿಂದ ಎದ್ದುಬಂದು ಮೂರು ಚಕ್ರದ ಬಂಡಿಯೊಂದರ ಮುಂದಿನ ಪೀಠದಲ್ಲಿ ಕುಳಿತರು.

ಬಸ್ ನಿಲ್ದಾಣದ ಹೊರಗೆ ಸಾಲಾಗಿ ನಿಲ್ಲುವ ಆಟೋಗಳನ್ನು ನೋಡುವುದಕ್ಕೆ ಪ್ರವಾಸಿಗರು ಬರುವುದಿಲ್ಲ. ಬಂದರೆ ನೋಡತಕ್ಕದ್ದು ಏನೂ ಇಲ್ಲವೆಂದಲ್ಲ. ಕರ್ನಾಟಕದ ಸಣ್ಣ ಊರುಗಳ ಅಭಿರುಚಿ, ಭಕ್ತಿ, ಹಾಸ್ಯ, ವೈರಾಗ್ಯ ಇವೆಲ್ಲವೂ ಆಟೋಗಳ ಬೆನ್ನಿನ ಮೇಲೆ ಬರೆಯಲ್ಪಟ್ಟಿರುತ್ತವೆ. ತಾಯಿಯ ಆಶೀರ್ವಾದ ಒಂದರ ಮೇಲೆ, ಮನೆದೇವರ ಹೆಸರು ಮತ್ತೊಂದರ ಮೇಲೆ, ಕೈಕೊಟ್ಟ ಪ್ರೇಯಸಿಗೊಂದು ಹಿತವಚನ ಮೂರನೆಯದರ ಮೇಲೆ. ಇವುಗಳ ನಡುವೆ ಮತ್ತೆ ಮತ್ತೆ ಕಾಣುವುದು ಒಂದೇ ಮುಖ: ಖಾಕಿ ಅಂಗಿ, ಕೆದರಿದ ಕೂದಲು, ನಗುವೋ ಸವಾಲೋ ಎಂದು ಹೇಳಲಾಗದಂತಹ ನೋಟ. ಅದು ಶಂಕರನಾಗ್ ಅವರ ಮುಖ. ರಾಜ್ಯದ ಯಾವ ಮೂಲೆಗೆ ಹೋದರೂ ಆಟೋ ನಿಲ್ದಾಣಕ್ಕೆ ಅವರ ಹೆಸರಿಟ್ಟಿರುವುದನ್ನು ಕಾಣಬಹುದು. ಬೇರೆ ನಟರಿಗೆ ಅಭಿಮಾನಿ ಸಂಘಗಳಿದ್ದರೆ, ಇವರಿಗೆ ಒಂದು ಕಸುಬೇ ಅಭಿಮಾನಿ.

ಈ ಚಿತ್ರವನ್ನು ತಮ್ಮ ಬಂಡಿಗೆ ಅಂಟಿಸಿಕೊಂಡವರಲ್ಲಿ ಬಹಳ ಮಂದಿ ಶಂಕರನಾಗ್ ತೀರಿಕೊಂಡಾಗ ಹುಟ್ಟಿಯೇ ಇರಲಿಲ್ಲ. ಹಾಗಾದರೆ ಈ ಪ್ರೀತಿ ಎಲ್ಲಿಂದ ಬಂತು? ಉತ್ತರವನ್ನು ಹುಡುಕುವುದಕ್ಕೆ 1980ಕ್ಕೆ ಹಿಂದಿರುಗಬೇಕು. ಆ ವರ್ಷ ವಿಜಯ್ ಅವರ ನಿರ್ದೇಶನದಲ್ಲಿ ‘ಆಟೋ ರಾಜ’ ಎಂಬ ಚಿತ್ರ ಬಿಡುಗಡೆಯಾಯಿತು. ಕಥೆಯಲ್ಲಿ ಹೇಳಿಕೊಳ್ಳುವಂತಹ ಹೊಸತನವೇನೂ ಇರಲಿಲ್ಲ. ಬಡ ಹುಡುಗ, ಸಿರಿವಂತರ ಹುಡುಗಿ ಎಂಬ ಹಳೆಯ ಹಾದಿಯೇ ಅದು. ಆದರೆ ನಾಯಕನ ಕೈಯಲ್ಲಿ ಆಟೋದ ಹಿಡಿಕೆಯಿತ್ತು. ಅದುವರೆಗೆ ಮೀಟರಿನ ವಿಷಯವಾಗಿ ಸಭ್ಯ ಗೃಹಸ್ಥರು ಕೊಸರಾಡುವುದಕ್ಕೆ ಮಾತ್ರ ಒದಗುತ್ತಿದ್ದ ಆಟೋದವನು ಬೆಳ್ಳಿತೆರೆಯ ಮೇಲೆ ಹಾಡಿದ, ಪ್ರೀತಿಸಿದ, ಅನ್ಯಾಯದೆದುರು ಎದೆಸೆಟೆದು ನಿಂತ. ಗಾಂಧಿಕ್ಲಾಸಿನ ಬೆಂಚಿನ ಮೇಲೆ ಕುಳಿತಿದ್ದ ಚಾಲಕನಿಗೆ ತನ್ನ ಖಾಕಿ ಅಂಗಿಯೂ ಒಂದು ಗೌರವದ ಉಡುಪೆಂದು ತೋರಿದ್ದು ಬಹುಶಃ ಆಗಲೇ. ವಿಮರ್ಶಕರು ಈ ಚಿತ್ರಕ್ಕೆ ಎಷ್ಟು ಅಂಕ ಕೊಡುವರೋ ತಿಳಿಯದು. ಒಂದು ಕಸುಬಿನ ಜನಕ್ಕೆ ತಲೆಯೆತ್ತಿ ನಡೆಯುವ ಧೈರ್ಯ ಕೊಟ್ಟ ಚಿತ್ರವನ್ನು ಅಂಕಗಳಿಂದ ಅಳೆಯುವುದೂ ಸಲ್ಲದು.

ಆಗಿನ ಕಾಲದಲ್ಲಿ ಬಯಲುಸೀಮೆಯ ಹಳ್ಳಿಗಳಿಗೆ ಸಿನಿಮಾ ಬರುತ್ತಿದ್ದದ್ದು ಟೆಂಟಿನೊಳಗೆ. ಸುಗ್ಗಿ ಮುಗಿದ ಮೇಲೆ ಊರ ಹೊರಗಿನ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಮುಂದೆ ಮರಳಿನ ಮೇಲೆ ಕುಳಿತವರಿಗೆ ಒಂದು ದರ, ಹಿಂದೆ ಬೆಂಚಿಗೆ ಒಂದು ದರ, ಕಟ್ಟಕಡೆಯ ಕಬ್ಬಿಣದ ಕುರ್ಚಿಗೆ ಇನ್ನೊಂದು ದರ. ರೀಲು ಬದಲಾಯಿಸುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾವಣಗೆರೆಗೆ ಹತ್ತಿ ತುಂಬಿಕೊಂಡು ಹೋದ ಲಾರಿಯಲ್ಲಿಯೇ ಕುಳಿತು ಹೋಗಿ, ಅಲ್ಲಿಯ ಟಾಕೀಸಿನಲ್ಲಿ ಹೊಸ ಚಿತ್ರ ನೋಡಿಬಂದವನಿಗೆ ಹಳ್ಳಿಯ ಕಟ್ಟೆಯ ಮೇಲೆ ಒಂದು ವಾರ ರಾಜಮರ್ಯಾದೆ. ರಾಜಕುಮಾರ್ ಹೆಚ್ಚೋ, ವಿಷ್ಣುವರ್ಧನ್ ಹೆಚ್ಚೋ ಎಂಬ ವಾದ ಎದ್ದಾಗ ಊರಿನ ಹೆಸರು ಸಾರ್ಥಕವಾಗುವಷ್ಟು ಗದ್ದಲವಾಗುತ್ತಿತ್ತು. ಆ ಗದ್ದಲದಲ್ಲಿ ಶಂಕರನಾಗ್ ಪಕ್ಷದವರದೊಂದು ಅನುಕೂಲವಿತ್ತು. ಅವರ ನಾಯಕ ಯಾರಿಗೂ ಪ್ರತಿಸ್ಪರ್ಧಿಯಲ್ಲ. ಒಂದು ವರ್ಷ ಹೊಡೆದಾಟದ ಚಿತ್ರದಲ್ಲಿ ‘ಕರಾಟೆ ಕಿಂಗ್’, ಮತ್ತೊಂದು ವರ್ಷ ರಾಜಕುಮಾರರನ್ನೇ ನಾಯಕರನ್ನಾಗಿಸಿಕೊಂಡು ‘ಒಂದು ಮುತ್ತಿನ ಕಥೆ’ಯ ನಿರ್ದೇಶಕ.

ಜಗಳೂರಿನಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಬಿಳಿಚೋಡಿನ ಮಾರ್ಗವಾಗಿ ದಾವಣಗೆರೆಯ ಕಡೆಗೆ ಸಾಗುತ್ತದೆ. ಐವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಎರಡೂ ಕಡೆ ಮೆಕ್ಕೆಜೋಳದ ಹೊಲಗಳು, ನಡುನಡುವೆ ಹುಣಿಸೆ, ಬೇವು, ಜಾಲಿ. ಸೆಪ್ಟೆಂಬರ್ ಕಡೆಯ ವಾರದಲ್ಲಿ ಈ ದಾರಿ ತನ್ನ ವರ್ಷದ ಅತ್ಯಂತ ಸುಂದರ ರೂಪದಲ್ಲಿರುತ್ತದೆ. ಮಳೆ ಸ್ವಲ್ಪವಾದರೂ ಕೃಪೆ ತೋರಿದ್ದರೆ ಹೊಲಗಳು ಹಸಿರಾಗಿ, ಮೆಕ್ಕೆಜೋಳ ಆಳೆತ್ತರಕ್ಕೆ ನಿಂತು ತೆನೆ ಬಿಟ್ಟಿರುತ್ತದೆ. ಕೃಪೆ ತೋರದಿದ್ದರೆ ಒಣಗಿದ ದಂಟುಗಳು ಗಾಳಿಗೆ ಕಾಗದದಂತೆ ಸದ್ದು ಮಾಡುತ್ತವೆ. ಈ ಬಯಲಿನ ದಕ್ಷಿಣಕ್ಕೆ, ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲೆ, ದಾವಣಗೆರೆ ಇನ್ನು ಸುಮಾರು 15 ಕಿಲೋಮೀಟರ್ ಇರುವಾಗ ಸಿಗುವ ಊರು ಆನಗೋಡು.

ಈ ಹೆದ್ದಾರಿಗೆ ಈಗ 48 ಎಂಬ ಸಂಖ್ಯೆ. ಆದರೆ ಹಳಬರ ಬಾಯಲ್ಲಿ ಇಂದಿಗೂ ಅದು ‘ನಾಲ್ಕನೇ ನಂಬರು’. ಬೆಂಗಳೂರನ್ನು ಪುಣೆ, ಮುಂಬಯಿಗಳಿಗೆ ಜೋಡಿಸುವ ಈ ದಾರಿಯ ಮೇಲೆ ಉತ್ತರ ಕರ್ನಾಟಕದ ಜೀವನವೇ ಹಗಲಿರುಳು ಹರಿಯುತ್ತದೆ. ಇಂದು ನಡುವೆ ವಿಭಜಕವಿರುವ ಅಗಲವಾದ ರಸ್ತೆ ಇದೆ. 1990ರಲ್ಲಿ ಹೀಗಿರಲಿಲ್ಲ. ಎದುರುಬದುರಿನ ವಾಹನಗಳೆಲ್ಲ ಒಂದೇ ಡಾಂಬರು ಪಟ್ಟಿಯ ಮೇಲೆ ಒಂದಕ್ಕೊಂದು ದಾರಿ ಬಿಟ್ಟುಕೊಂಡು ಹೋಗಬೇಕಾಗಿತ್ತು. ಕೆಟ್ಟುನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ. ಅದೇ ಎಚ್ಚರಿಕೆಯ ದೀಪ. ಎದುರು ಬರುವ ವಾಹನದ ಬೆಳಕು ಕಣ್ಣು ಕೋರೈಸಿದ ಆ ಒಂದು ಕ್ಷಣದಲ್ಲಿ ಚಾಲಕನು ಕುರುಡನೇ ಸರಿ. ರಾತ್ರಿಯ ಪ್ರಯಾಣದ ಭಯವೇನೆಂಬುದು ಈ ಭಾಗದ ಚಾಲಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1990ರ ಸೆಪ್ಟೆಂಬರ್ 30, ಭಾನುವಾರ. ದಸರೆ ಆಗಷ್ಟೇ ಮುಗಿದಿತ್ತು. ಆಯುಧಪೂಜೆಗೆಂದು ಲಾರಿ, ಬಸ್ಸು, ಆಟೋಗಳಿಗೆ ಕಟ್ಟಿದ ಬಾಳೆಕಂದು, ಚೆಂಡುಹೂವಿನ ಹಾರಗಳು ಪೂರ್ತಿ ಒಣಗಿರಲಿಲ್ಲ. ಅಂದಿನ ನಸುಕಿನಲ್ಲಿ ಆನಗೋಡಿನ ಬಳಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಶಂಕರನಾಗ್ ಮೃತಪಟ್ಟರು. ಜೊತೆಯಲ್ಲಿದ್ದ ಪತ್ನಿ ಅರುಂಧತಿ ನಾಗ್ ಮತ್ತು ಪುಟ್ಟ ಮಗಳು ಕಾವ್ಯ ಬದುಕುಳಿದರು. 36 ತುಂಬುವುದಕ್ಕೆ ಅವರಿಗೆ ಇನ್ನೂ 40 ದಿನಗಳಿದ್ದುವು.

ಅವರು ಹೊರಟಿದ್ದುದು ಲೋಕಾಪುರಕ್ಕೆ, ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕಾಗಿ. ಚಂದ್ರಶೇಖರ ಕಂಬಾರರು ಅದೇ ಹೆಸರಿನ ತಮ್ಮ ನಾಟಕದಲ್ಲಿ ಗೌಡನ ದರ್ಪಕ್ಕೂ ಉಳುವವನ ಹಕ್ಕಿಗೂ ನಡೆಯುವ ಹೋರಾಟವನ್ನು ಒಂದು ಜಾನಪದ ದೈವದ ಕಥೆಯೊಡನೆ ಹೆಣೆದಿದ್ದಾರೆ. ಪೇಟೆಯ ಓದುಗರಲ್ಲಿ ಅನೇಕರಿಗೆ ಜೋಕುಮಾರನ ಪರಿಚಯವಿರಲಾರದು. ಜಗಳೂರು ಸೀಮೆಯಂತಹ ಬಯಲುನಾಡಿನ ಹಳ್ಳಿಗಳಿಗೆ ಆತ ವರ್ಷವರ್ಷವೂ ತಪ್ಪದೆ ಬರುವ ಅತಿಥಿ. ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೇ ಹುಟ್ಟುವ ಮಣ್ಣಿನ ದೇವರು ಈತ. ಬಿದಿರುಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸಿ, ತುಟಿಗೆ ಬೆಣ್ಣೆ ಸವರಿ, ಹೆಣ್ಣುಮಕ್ಕಳು ಅವನನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮನೆಯವರು ಮೊರದಲ್ಲಿ ಕಾಳು ಕೊಡುತ್ತಾರೆ. ಅವನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ರಾತ್ರಿ ಆತನ ವಧೆ. ಹಳ್ಳಿಗರ ನಂಬಿಕೆ ಹೀಗಿದೆ: ಕಡುಬು ತಿಂದು ಹೋದ ಗಣಪ ತನ್ನ ತಂದೆಯಾದ ಶಿವನಿಗೆ ಭೂಲೋಕವೆಲ್ಲ ಸುಖವಾಗಿದೆಯೆಂದು ಹೇಳುತ್ತಾನೆ. ಬಡವರ ಕೇರಿಗಳಲ್ಲಿ ಸುತ್ತಿದ ಜೋಕುಮಾರನೋ ಮಳೆಯಿಲ್ಲ, ಬೆಳೆಯಿಲ್ಲ, ಜನ ಸಂಕಟದಲ್ಲಿದ್ದಾರೆಂಬ ನಿಜವನ್ನು ತಿಳಿಸುತ್ತಾನೆ. ಆಮೇಲೆ ಮಳೆ ಬರುತ್ತದೆ.

ಹರೆಯದಲ್ಲಿಯೇ ಸಾಯುವ ಈ ದೇವರ ಹೆಸರಿನ ಚಿತ್ರಕ್ಕಾಗಿ ಹೊರಟವನು ದಾರಿಯಲ್ಲಿಯೇ, ಅದೇ ದೇವರನ್ನು ಹೊತ್ತು ತಿರುಗುವ ನಾಡಿನಲ್ಲಿಯೇ ಮಡಿದನಲ್ಲ ಎಂದು ಜನ ಮರುಗಿದರೆ ಅದು ಸಹಜವೇ. ವಿಚಾರವಂತರು ಇದನ್ನು ಕಾಕತಾಳೀಯವೆನ್ನುವರು. ಅವರ ಮಾತು ಸರಿ. ಆದರೂ ದುಃಖಕ್ಕೆ ಇಂತಹದೊಂದು ಆಕಾರ ಬೇಕಾಗುತ್ತದೆ. ಸುಮ್ಮನೆ ಒಂದು ವಾಹನ ಇನ್ನೊಂದಕ್ಕೆ ತಗುಲಿತೆಂಬಷ್ಟರಿಂದ ಮನಸ್ಸಿಗೆ ಸಮಾಧಾನ ಸಿಕ್ಕುವುದಿಲ್ಲ.

ಅಂದು ನಿಂತುಹೋದದ್ದು ಎಂತಹ ಬಾಳು! 1954ರ ನವೆಂಬರ್ 9ರಂದು ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನಲ್ಲಿ ಹುಟ್ಟಿದ ಹುಡುಗ ಮುಂಬಯಿಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಕೂಲಿ ಸೈನಿಕನ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಅಲ್ಲಿಂದ ಮುಂದೆ ಹನ್ನೆರಡೇ ವರ್ಷ. ಆ ಹನ್ನೆರಡು ವರ್ಷಗಳಲ್ಲಿ ನಟನಾಗಿ ರಾಶಿ ರಾಶಿ ಚಿತ್ರಗಳು. ನಿರ್ದೇಶಕನಾಗಿ ‘ಮಿಂಚಿನ ಓಟ’, ‘ಗೀತಾ’, ‘ಆಕ್ಸಿಡೆಂಟ್’. ‘ಸಂಕೇತ್’ ತಂಡದಿಂದ ನಾಟಕಗಳು. ಇವೆಲ್ಲಕ್ಕೂ ಕಿರೀಟವಿಟ್ಟಂತೆ ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿದ ‘ಮಾಲ್ಗುಡಿ ಡೇಸ್’. ಆಗುಂಬೆಯ ಬೀದಿಯನ್ನೇ ಮಾಲ್ಗುಡಿಯಾಗಿಸಿ, ಎಲ್ಲ ಭಾರತೀಯರ ಮನೆಯಂಗಳಕ್ಕೆ ತಂದವರು ಅವರು. ಬೆಂಗಳೂರಿಗೆ ಮೆಟ್ರೊ ರೈಲು ಬೇಕು, ನಂದಿಬೆಟ್ಟಕ್ಕೆ ತೂಗುಹಗ್ಗದ ಮಾರ್ಗ ಬೇಕು, ಬಡವರಿಗೆ ಅಗ್ಗದ ಮನೆ ಬೇಕು ಎಂದು ತಲೆಯಲ್ಲಿ ತುಂಬಿಕೊಂಡು ಓಡಾಡುತ್ತಿದ್ದ ಮನುಷ್ಯ. ಬೆಂಗಳೂರಿನಲ್ಲಿ ಮೆಟ್ರೊ ಓಡಿದ್ದು 2011ರಲ್ಲಿ. ಅವರು ತೀರಿಕೊಂಡು 21 ವರ್ಷಗಳಾದ ಮೇಲೆ. ಒಂದು ಒಳ್ಳೆಯ ರಂಗಮಂದಿರವಾಗಬೇಕೆಂಬ ಕನಸನ್ನು ಅರುಂಧತಿ ನಾಗ್ ಅವರು ‘ರಂಗಶಂಕರ’ವಾಗಿ 2004ರಲ್ಲಿ ನಿಲ್ಲಿಸಿದರು.

‘ಆಕ್ಸಿಡೆಂಟ್’ ಚಿತ್ರದ ಮಾತನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಅಮಲಿನಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಬಡವರನ್ನು ಕೊಂದ ಪ್ರಭಾವಶಾಲಿ ರಾಜಕಾರಣಿಯ ಮಗ, ಆ ಸತ್ಯವನ್ನು ಹೊರಗೆಳೆಯಲು ಹೆಣಗುವ ಪತ್ರಕರ್ತ. ಇದು ಅದರ ಕಥೆ. ರಾಜಕಾರಣಿಯಾಗಿ ಅಣ್ಣ ಅನಂತನಾಗ್, ಪತ್ರಕರ್ತನಾಗಿ ಶಂಕರನಾಗ್. ರಾಷ್ಟ್ರ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಹಾಡಿನ ಗಲಾಟೆಯಿಲ್ಲ. ರಸ್ತೆಯ ಮೇಲೆ ಸಾಯುವ ಬಡವನ ಸಾವನ್ನು ಯಾರೂ ಎಣಿಸುವುದಿಲ್ಲವೆಂಬ ಕೋಪವನ್ನು ಇಷ್ಟು ನೇರವಾಗಿ ಹೇಳಿದ ಕನ್ನಡ ಚಿತ್ರ ಇನ್ನೊಂದು ಸಿಗುವುದು ಕಷ್ಟ. ಆಟೋ ಚಾಲಕರು ‘ಆಟೋ ರಾಜ’ನನ್ನು ನೆನೆಯುತ್ತಾರೆ, ನೆನೆಯಲಿ. ಅವರ ಬದುಕಿನ ನಿಜವಾದ ಅಪಾಯವನ್ನು ಕಂಡದ್ದು ಮಾತ್ರ ಈ ಎರಡನೆಯ ಚಿತ್ರ.

ಇದೇ ಸೆಪ್ಟೆಂಬರ್ 30 ಎಂಬ ದಿನ ಸಾವಿರಾರು ಮೈಲಿ ದೂರದ ಇನ್ನೊಂದು ಒಣ ಬಯಲಿಗೂ ತೀರ್ಥಯಾತ್ರೆಯ ದಿನವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಶೊಲಾಮ್ ಎಂಬ ಕೆಲವೇ ಮನೆಗಳ ಒಂದು ಪುಟ್ಟ ಊರಿದೆ. ಬೇಸಿಗೆಯಲ್ಲಿ ಹುಲ್ಲೊಣಗಿ ಬಂಗಾರದ ಬಣ್ಣಕ್ಕೆ ತಿರುಗುವ ಬೋಳುಗುಡ್ಡಗಳ ನಡುವಿನ ಆ ಊರಿನ ಹತ್ತಿರ, ಎರಡು ಹೆದ್ದಾರಿಗಳು ಕೂಡುವಲ್ಲಿ, 1955ರ ಸೆಪ್ಟೆಂಬರ್ 30ರ ಸಂಜೆ ಹಾಲಿವುಡ್ಡಿನ ನಟ ಜೇಮ್ಸ್ ಡೀನ್ ತನ್ನ ಪೋರ್ಷ ಕಾರಿನಲ್ಲಿ ಎದುರು ಬಂದ ಇನ್ನೊಂದು ಕಾರಿಗೆ ಡಿಕ್ಕಿಯಾಗಿ ಸತ್ತ. ವಯಸ್ಸು 24. ಅಂದು ಹೊನ್ನಾವರದ ಶಂಕರ ಹನ್ನೊಂದು ತಿಂಗಳು ತುಂಬದ ಕೂಸು. ಸರಿಯಾಗಿ 35 ವರ್ಷಗಳ ಅನಂತರ ಅದೇ ದಿನಾಂಕದಂದು, ಅದೇ ರೀತಿಯ ಸಾವು, ಆನಗೋಡಿನಲ್ಲಿ.

ಜೇಮ್ಸ್ ಡೀನ್ ನಾಯಕನಾಗಿ ನಟಿಸಿದ್ದು ಮೂರೇ ಚಿತ್ರಗಳಲ್ಲಿ. ಅವನು ಬದುಕಿದ್ದಾಗ ತೆರೆ ಕಂಡದ್ದು ‘ಈಸ್ಟ್ ಆಫ್ ಈಡನ್’ ಒಂದೇ. ‘ರೆಬೆಲ್ ವಿದೌಟ್ ಎ ಕಾಸ್’ ಅವನು ಸತ್ತು ನಾಲ್ಕು ವಾರಗಳಾದ ಮೇಲೆ ಬಂದಿತು, ‘ಜೈಂಟ್’ ಮರುವರ್ಷ. ಮಡಿದ ಮೇಲೆ ಎರಡು ಬಾರಿ ಆಸ್ಕರ್ ಪ್ರಶಸ್ತಿಗೆ ಹೆಸರು ಸೂಚಿತವಾದ ನಟನೀತ. ತಂದೆಯ ಪ್ರೀತಿಗಾಗಿ ಹಂಬಲಿಸುವ, ಯಾರಿಗೂ ಅರ್ಥವಾಗದ ತರುಣನ ಪಾತ್ರದಲ್ಲಿ ಆ ಕಾಲದ ಹುಡುಗರು ತಮ್ಮನ್ನೇ ಕಂಡರು. ಅವನ ಗೋರಿಯಿರುವುದು ಇಂಡಿಯಾನ ರಾಜ್ಯದ ಫೇರ್‌ಮೌಂಟ್ ಎಂಬ ಪಟ್ಟಣದಲ್ಲಿ. ಅದೂ ಜೋಳ ಬೆಳೆಯುವ ಸೀಮೆಯೇ. ಸೋದರತ್ತೆ ಮತ್ತು ಆಕೆಯ ಗಂಡನ ವಾತ್ಸಲ್ಯದಲ್ಲಿ ಅವನು ಬೆಳೆದ ಊರು ಅದು. ಅಭಿಮಾನಿಗಳು ಇಂದಿಗೂ ಅಲ್ಲಿಗೆ ಹೋಗಿ ಗೋರಿಗಲ್ಲಿಗೆ ಮುತ್ತಿಡುತ್ತಾರೆ. ಕಲ್ಲಿನ ಮೇಲೆ ತುಟಿಯ ಬಣ್ಣದ ಗುರುತುಗಳು. ಆ ಕಲ್ಲನ್ನೇ ಕದ್ದೊಯ್ದ ಭಕ್ತಶಿರೋಮಣಿಗಳೂ ಉಂಟು! ಶೊಲಾಮ್‌ನಲ್ಲಿ 1977ರಲ್ಲಿ ಜಪಾನಿನ ಸೈತ ಓನಿಶಿ ಎಂಬ ವ್ಯಾಪಾರಿ ತನ್ನ ಸ್ವಂತ ಖರ್ಚಿನಿಂದ ಒಂದು ಮರವನ್ನು ಸುತ್ತುವರಿದಂತೆ ಹೊಳೆಯುವ ಉಕ್ಕಿನ ಸ್ಮಾರಕ ಕಟ್ಟಿಸಿದ. ಎಲ್ಲಿಯ ಜಪಾನು, ಎಲ್ಲಿಯ ಕ್ಯಾಲಿಫೋರ್ನಿಯ! ಅಪಘಾತವಾಗಿ 50 ವರ್ಷ ತುಂಬಿದಾಗ, 2005ರಲ್ಲಿ, ಆ ಕೂಡುರಸ್ತೆಗೆ ಅಧಿಕೃತವಾಗಿ ಅವನ ಹೆಸರನ್ನಿಡಲಾಯಿತು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಡೀನ್ ಹೊರಟಿದ್ದುದು ಕಾರಿನ ಪಂದ್ಯಕ್ಕೆ. ವೇಗ ಅವನ ಮೋಹ. ಅಭಿಮಾನಿಗಳು ಅವನಲ್ಲಿ ಆರಾಧಿಸುವುದು ಆ ಮೋಹವನ್ನೂ ಸೇರಿಸಿಯೇ. ಶಂಕರನಾಗ್ ಹೊರಟಿದ್ದುದು ಕೆಲಸಕ್ಕೆ. ನಿದ್ದೆಗೆಟ್ಟು ಇರುಳೆಲ್ಲ ಪ್ರಯಾಣ ಮಾಡಿ ಬೆಳಗಾಗುವುದರೊಳಗೆ ಕೆಲಸದ ಜಾಗವನ್ನು ಸೇರಬೇಕೆಂಬ ಆತುರ ಯಾವ ಲಾರಿಯ ಡ್ರೈವರನಿಗೆ, ಯಾವ ತರಕಾರಿ ವ್ಯಾಪಾರಿಗೆ, ಯಾವ ಕೂಲಿಯವನಿಗೆ ಅಪರಿಚಿತ? ಮಡಿದ ರೀತಿಯಲ್ಲಿಯೂ ಅವರು ದುಡಿಯುವ ಜನರ ಸಾಲಿನಲ್ಲಿಯೇ ನಿಂತರು. ಶೊಲಾಮ್‌ನಲ್ಲಿ ಅಭಿಮಾನಿಗಳು ದೂರದೂರದಿಂದ ಬಂದು ಇಳಿಯುತ್ತಾರೆ, ಹೂವಿಟ್ಟು ಹೋಗುತ್ತಾರೆ. ಆನಗೋಡನ್ನು ಹಾದು ಅಭಿಮಾನಿಗಳು ದಿನದಿನವೂ, ನಸುಕಿನಲ್ಲಿಯೂ ನಡುರಾತ್ರಿಯಲ್ಲಿಯೂ, ಈರುಳ್ಳಿಯ ಚೀಲ ಹೇರಿಕೊಂಡು, ಹೆರಿಗೆಯ ಹೆಂಗಸನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಅವರಿಗೆ ಇಳಿದು ನಿಲ್ಲುವುದಕ್ಕೆ ಹೊತ್ತಿಲ್ಲ. ಬಲ್ಲವರು ಆ ಜಾಗ ಬಂದಾಗ ಒಂದು ಕ್ಷಣ ಕಾಲನ್ನು ಬ್ರೇಕಿನ ಮೇಲಿಡುತ್ತಾರೆ.

ರಾಜಕುಮಾರರನ್ನು ನೆನೆಯಲು ಜನ ಬೆಂಗಳೂರಿನ ಕಂಠೀರವ ಸ್ಟುಡಿಯೋಗೆ ಹೋಗುತ್ತಾರೆ. ವಿಷ್ಣುವರ್ಧನರ ಸ್ಮಾರಕ 2023ರಲ್ಲಿ ಮೈಸೂರಿನಲ್ಲಿ ತೆರೆಯಿತು. ಶಂಕರನಾಗರ ನೆನಪು ಒಂದೆಡೆ ನೆಲೆನಿಂತುದಲ್ಲ. ಅದು ಊರೂರು ತಿರುಗುವ ನೆನಪು. ಬಾಡಿಗೆ ಸಿಕ್ಕ ಕಡೆಗೆ ಹೋಗುತ್ತದೆ, ಸಂತೆಯ ದಿನ ಸಂತೆಗೆ ಹೋಗುತ್ತದೆ, ಮಳೆ ಬಂದರೆ ನೆನೆಯುತ್ತದೆ, ಬಣ್ಣ ಮಾಸಿದರೆ ಮುಂದಿನ ಆಯುಧಪೂಜೆಗೆ ಹೊಸದಾಗಿ ಬರೆಸಿಕೊಳ್ಳುತ್ತದೆ. ಅವರು ಹುಟ್ಟಿದ ನವೆಂಬರ್ 9ನ್ನು ರಾಜ್ಯದ ಆಟೋ ಚಾಲಕರು ಚಾಲಕರ ದಿನವೆಂದು ಆಚರಿಸುತ್ತಾರೆ. ಅಂದು ನಿಲ್ದಾಣದ ಕಂಬಕ್ಕೆ ಮಾವಿನ ತೋರಣ, ಭಾವಚಿತ್ರಕ್ಕೆ ಮಾಲೆ, ಬಂದವರಿಗೆಲ್ಲ ಸಿಹಿ. ಅನುಕೂಲವಿದ್ದ ಕಡೆ ಅನ್ನಸಂತರ್ಪಣೆ. ಕನ್ನಡ ರಾಜ್ಯೋತ್ಸವದ ತಿಂಗಳೇ ಆದುದರಿಂದ ಹಳದಿ ಕೆಂಪು ಬಾವುಟಗಳು ಹೇಗೂ ಹಾರುತ್ತಿರುತ್ತವೆ. ಸಾವಿನ ದಿನಕ್ಕಿಂತ ಹುಟ್ಟಿದ ದಿನಕ್ಕೇ ಸಂಭ್ರಮ ಹೆಚ್ಚು. ಸೆಪ್ಟೆಂಬರ್ 30 ಬರುವುದು ಹೆಚ್ಚಾಗಿ ಸದ್ದಿಲ್ಲದೆ. ಎಲ್ಲೋ ಒಂದು ಆಟೋದ ಮುಂದಿನ ಕನ್ನಡಿಗೆ ಸಿಕ್ಕಿಸಿದ ಊದುಬತ್ತಿಯ ಹೊಗೆಯಾಗಿ.

ಹಿರಿಯರು ‘ಶಂಕರನಾಗ್’ ಎನ್ನುತ್ತಾರೆ. ನಿಲ್ದಾಣದ ಹುಡುಗರಿಗೆ ಅವರು ‘ಶಂಕ್ರಣ್ಣ’. ಗಮನಿಸತಕ್ಕ ಮಾತೆಂದರೆ, ಇಂದು ಬದುಕಿದ್ದರೆ ಅವರಿಗೆ ಎಪ್ಪತ್ತು ದಾಟಿರುತ್ತಿತ್ತು, ಈ ಹುಡುಗರಿಗೆ ಅಜ್ಜನ ವಯಸ್ಸು. ಸಾವು ಅವರನ್ನು ಅಣ್ಣನಾಗಿಯೇ ಉಳಿಸಿತು. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ, ಪುನೀತ್ ರಾಜಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಆಟೋಗಳ ಬೆನ್ನಿನ ಮೇಲೆ ಇನ್ನೊಂದು ಮುಖ ಬಂದಿದೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಸಿದವರು ಕಡಿಮೆ. ಸ್ವಲ್ಪ ಒತ್ತರಿಸಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಬಸ್ಸಿನಲ್ಲಿ ನಿಂತವರನ್ನು ಕಂಡು ಸರಿದು ಕುಳಿತು ಜಾಗ ಕೊಡುವುದು ಈ ಸೀಮೆಯ ಜನಕ್ಕೆ ಅಭ್ಯಾಸವಾದದ್ದೇ.

ಇಂತಹ ಅಭಿಮಾನವನ್ನು ಕಂಡು ಮೂಗು ಮುರಿಯುವವರು ಪಟ್ಟಣಗಳಲ್ಲಿ ಇದ್ದೇ ಇದ್ದಾರೆ. ಸಿನಿಮಾದವರ ಹಿಂದೆ ಬಿದ್ದು ಹುಡುಗರು ಹಾಳಾದರೆಂಬುದು ಮಧ್ಯಮವರ್ಗದ ಮನೆಗಳ ಹಳೆಯ ದೂರು. ಅದರಲ್ಲಿ ಸತ್ಯವೇ ಇಲ್ಲವೆಂದು ಯಾರೂ ಹೇಳಲಾರರು. ನಟರ ಕಟೌಟಿಗೆ ಹಾಲೆರೆಯುವುದನ್ನು ಬರಗಾಲದ ತಾಲ್ಲೂಕಿನಲ್ಲಿ ನಿಂತು ಸಮರ್ಥಿಸುವುದು ಸುಲಭವಲ್ಲ. ಆದರೆ ಜಗಳೂರಿನ ನಿಲ್ದಾಣದ ಅಭಿಮಾನ ಬೇರೆ ಬಗೆಯದು. ಇಲ್ಲಿ ನಟನಿಂದ ಏನನ್ನೂ ಬೇಡುವ ಹಾಗಿಲ್ಲ. ಹೊಸ ಚಿತ್ರ ಬರುವುದಿಲ್ಲ, ದರ್ಶನ ಸಿಗುವುದಿಲ್ಲ. ಚಾಲಕನೇ ತನ್ನ ದುಡಿಮೆಯಿಂದ ಚಿತ್ರ ಬರೆಸುತ್ತಾನೆ, ಹಾರ ಕೊಳ್ಳುತ್ತಾನೆ. ಬದಲಾಗಿ ಪಡೆಯುವುದು ಇಷ್ಟೇ: ಬೆನ್ನಿಗೆ ಒಬ್ಬ ಅಣ್ಣನಿದ್ದಾನೆಂಬ ಭಾವನೆ.

ರಾತ್ರಿ ದಾವಣಗೆರೆಯಿಂದ ಬರುವ ಕಡೆಯ ಬಸ್ಸುಗಳು ಬಿಳಿಚೋಡನ್ನು ದಾಟಿ ಜಗಳೂರನ್ನು ಸೇರುವಾಗ ಅಂಗಡಿಗಳೆಲ್ಲ ಬಾಗಿಲು ಮುಚ್ಚಿರುತ್ತವೆ. ಮಾರುಕಟ್ಟೆಗೆ ಹೋದವರು, ಆಸ್ಪತ್ರೆಗೆ ಹೋದವರು, ಕಾಲೇಜಿಗೆ ಹೋದವರು ತೂಕಡಿಸುತ್ತ ಇಳಿಯುತ್ತಾರೆ. ಹಳ್ಳಿಗಳಿಗೆ ಇನ್ನು ಬಸ್ಸಿಲ್ಲ. ನಿಲ್ದಾಣದ ಹೊರಗೆ ಎರಡೋ ಮೂರೋ ಆಟೋಗಳು ಅವರಿಗಾಗಿಯೇ ಕಾದು ನಿಂತಿರುತ್ತವೆ. ಯಾವ ಊರೆಂದು ಕೇಳಿ, ಬಾಡಿಗೆಯ ಚೌಕಾಸಿ ಮುಗಿಸಿ, ಹಿಂದಿನ ಪೀಠದಲ್ಲಿ ಮೂವರ ಜಾಗಕ್ಕೆ ಐವರನ್ನು ಕೂರಿಸಿಕೊಂಡು ಆಟೋ ಹೊರಡುತ್ತದೆ. ತಿರುಗಿ ನಿಂತ ಬಸ್ಸಿನ ದೀಪದ ಬೆಳಕು ಅದರ ಬೆನ್ನಿನ ಮೇಲೆ ಬಿದ್ದು, ಖಾಕಿ ಅಂಗಿಯ ಆ ಮುಖ ಒಮ್ಮೆ ಬೆಳಗುತ್ತದೆ. ಆಮೇಲೆ ಮೆಕ್ಕೆಜೋಳದ ಹೊಲಗಳ ನಡುವಿನ ಕತ್ತಲೆಯಲ್ಲಿ ಅದರ ಕೆಂಪು ದೀಪವೊಂದೇ ಬಹಳ ದೂರದವರೆಗೆ ಕಾಣುತ್ತಿರುತ್ತದೆ.